ಹೂವಿನ ಬೆಳೆಗಳಲ್ಲಿ ಕೀಟನಾಶಕ ಔಷಧಿಗಳನ್ನು ಪರೀಕ್ಷಿಸುವ ಕ್ರಮ

ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಚೆಂಡುಹೂವು, ಸುಗಂಧರಾಜ, ಗುಲಾಬಿ ಮೊದಲಾದ ಹೂವಿನ ಗಿಡಗಳು ಈಗ ನಮ್ಮ ಸೀಮೆಯಲ್ಲಿ ಹಿತ್ತಲಿನ ಅಲಂಕಾರವಾಗಿ ಮಾತ್ರ ಉಳಿದಿಲ್ಲ. ನೀರಿನ ಅನುಕೂಲವುಳ್ಳ ಅನೇಕ ಗ್ರಾಮಗಳಲ್ಲಿ ಅವು ರೊಕ್ಕ ತರುವ ಮುಖ್ಯ ಬೆಳೆಗಳಾಗಿರುತ್ತವೆ. ಬೆಳೆ ಹೆಚ್ಚಿದಂತೆ ಹುಳುವೂ ರೋಗವೂ ಹೆಚ್ಚಿವೆ. ಅವು ಹೆಚ್ಚಿದಂತೆ ಅಂಗಡಿಗಳಲ್ಲಿ ಔಷಧಿಯ ಸೀಸೆಗಳೂ ಹೆಚ್ಚಿವೆ. ಇವುಗಳಲ್ಲಿ ತನ್ನ ತೋಟಕ್ಕೆ ಯಾವುದು ತಕ್ಕುದೆಂಬುದನ್ನು ಬೇಸಾಯಗಾರನು ಮಾರುವವನ ಬಾಯಿಂದ ಕೇಳುವುದಕ್ಕಿಂತ ತನ್ನ ಮಡಿಗಳಿಂದಲೇ ತಿಳಿಯುವುದು ಲೇಸು. ಹಾಗೆ ತಿಳಿಯುವ ಕ್ರಮವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಆದ ಮಹನೀಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಹೂವಿಗೂ ಇತರ ಬೆಳೆಗಳಿಗೂ ಇರುವ ಒಂದು ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಔಷಧಿಯ ಕಾವಿಗೆ ರಾಗಿಯ ಎಲೆಯ ತುದಿ ಸ್ವಲ್ಪ ಒಣಗಿದರೆ ತೆನೆಗೆ ಹೇಳಿಕೊಳ್ಳುವಂಥ ಬಾಧೆಯಿಲ್ಲ. ಅಡಕೆಯ ಸಿಪ್ಪೆಯ ಮೇಲೆ ಮೈಲುತುತ್ತದ ನೀಲಿ ಕಲೆ ನಿಂತರೆ ಯಾರೂ ಕೇಳುವುದಿಲ್ಲ. ಸಿಪ್ಪೆಯನ್ನು ಹೇಗೂ ಸುಲಿದು ಬಿಸಾಡತಕ್ಕದ್ದೆ. ಸೇವಂತಿಗೆಯ ಎಸಳಿನ ಅಂಚು ಕೂದಲೆಳೆಯಷ್ಟು ಕಂದಿದರೂ ಹೂವಿನ ಬೆಲೆ ಬಿತ್ತೆಂದೇ ತಿಳಿಯಬೇಕು. ಇಲ್ಲಿ ಅಂದವೇ ಫಸಲು. ಆದಕಾರಣ ಹುಳುವನ್ನು ಕೊಂದಿತೆಂಬ ಒಂದೇ ಗುಣದಿಂದ ಯಾವ ಔಷಧಿಯೂ ಹೂವಿನ ತೋಟಕ್ಕೆ ಯೋಗ್ಯವಾಗಲಾರದು.

ನನ್ನ ಸರಹದ್ದಿಗೆ ಸೇರಿದ ಒಂದು ಹೋಬಳಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬಹುದು. ಒಬ್ಬ ಗೃಹಸ್ಥರು ಆಯುಧಪೂಜೆಯ ಮಾರಾಟವನ್ನು ನೆಚ್ಚಿ ಒಂದೂವರೆ ಎಕರೆಯಲ್ಲಿ ಬಿಳಿಯ ಸೇವಂತಿಗೆಯನ್ನು ಬೆಳೆದಿದ್ದರು. ಮೊಗ್ಗು ಬಿರಿಯುವ ಹೊತ್ತಿಗೆ ಥ್ರಿಪ್ಸ್ ನುಸಿ ಬಿದ್ದಿತು. ಹಿಂದಿನ ವರ್ಷ ಮೆಣಸಿನ ಗಿಡಗಳ ನುಸಿಯನ್ನು ಚೆನ್ನಾಗಿ ಅಡಗಿಸಿದ್ದ ಒಂದು ಔಷಧಿ ಅವರ ಉಗ್ರಾಣದಲ್ಲಿತ್ತು. ಅದನ್ನೇ ಹಬ್ಬಕ್ಕೆ ಹನ್ನೆರಡು ದಿನವಿರುವಾಗ, ಆಳುಗಳು ದೊರೆತ ಹೊತ್ತು ಮಧ್ಯಾಹ್ನವಾದ್ದರಿಂದ ಆಗಲೇ, ಇಡೀ ತೋಟಕ್ಕೆ ಹೊಡೆಸಿದರು. ನುಸಿ ಸತ್ತಿತು. ನಾಲ್ಕನೆಯ ದಿನ ಹೊರಸುತ್ತಿನ ಎಸಳುಗಳೆಲ್ಲ ಬೆಂದ ಬಣ್ಣಕ್ಕೆ ತಿರುಗಿದವು. ಮಂಡಿಯಲ್ಲಿ ಆ ಹೂವನ್ನು ಕೊನೆಯ ದರ್ಜೆಗೂ ಸೇರಿಸಲಿಲ್ಲ. ಸೀಸೆಯ ಚೀಟಿಯನ್ನು ಆಮೇಲೆ ಓದಿಸಿದಾಗ ಅದರಲ್ಲಿ ಮೆಣಸಿನ ಹೆಸರಿತ್ತು, ಸೇವಂತಿಗೆಯ ಹೆಸರಿರಲಿಲ್ಲ. ಗೃಹಸ್ಥರಿಗೆ ಆ ಗೊಬ್ಬರ, ಕೂಲಿ, ನೀರು ಎಲ್ಲವೂ ಕೈಬಿಟ್ಟವು.

ಔಷಧಿ ಹಾಕಿದ ಗಿಡವನ್ನು ಹಾಕದ ಗಿಡದ ಪಕ್ಕದಲ್ಲಿಟ್ಟು ನೋಡುವುದೇ ಪರೀಕ್ಷೆಯ ಬೀಜ. ಇದು ಪಂಡಿತರ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದೂ ಅಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಾರರು, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ೧೮೮೨ರ ಶರತ್ಕಾಲದಲ್ಲಿ ಆ ದಾರಿಯಲ್ಲಿ ಹೋದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ರಸ್ತೆಯ ಬದಿಯ ಬಳ್ಳಿಗಳಲ್ಲಿ ಎಲೆ ಹಸುರಾಗಿ ನಿಂತಿರುವುದನ್ನೂ ಒಳಗಿನ ಬಳ್ಳಿಗಳು ಬೂಜು ರೋಗದಿಂದ ಎಲೆ ಉದುರಿಸಿರುವುದನ್ನೂ ಕಂಡನು. ಒಳಗಿನ ಸಾಲುಗಳು ಮದ್ದಿಲ್ಲದೆ ಉಳಿಯದೇ ಹೋಗಿದ್ದರೆ ಅವನ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ೧೮೮೫ರಲ್ಲಿ ಅವನು ಪ್ರಕಟಿಸಿದ ಆ ದ್ರಾವಣವೇ ಈಗಲೂ ಬೋರ್ಡೋ ದ್ರಾವಣವೆಂದು ಹೆಸರಾಗಿದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್ ಅವರು ಇದೇ ದ್ರಾವಣದ ಸಿಂಪರಣೆಯನ್ನು ಮಲೆನಾಡಿನ ಅಡಕೆಯ ಕೊಳೆರೋಗದ ನಿವಾರಣೆಗಾಗಿ ಬಳಕೆಗೆ ತಂದರೆಂಬುದನ್ನು ಹಿರಿಯರು ಬಲ್ಲರು.

ಈಗ ಚೀಟಿಯ ವಿಷಯ. ೧೯೬೮ರ ಕೀಟನಾಶಕಗಳ ಅಧಿನಿಯಮದ ಪ್ರಕಾರ ಯಾವ ಕೀಟನಾಶಕವನ್ನೇ ಆಗಲಿ ನೋಂದಣಿಯಾಗದೆ ಮಾರುವಂತಿಲ್ಲ. ನೋಂದಣಿಯನ್ನು ಬೇಡುವವರು ಆ ಔಷಧಿ ಇಂಥ ಬೆಳೆಯ ಇಂಥ ಕೀಟಕ್ಕೆ ಇಂತಿಷ್ಟು ಪ್ರಮಾಣದಲ್ಲಿ ಗುಣಕಾರಿಯೆಂಬುದನ್ನು ಹೊಲದ ಪರೀಕ್ಷೆಗಳಿಂದ ತೋರಿಸಬೇಕು. ಸೀಸೆಯ ಚೀಟಿಯಲ್ಲಿ ಕಾಣುವ ಬೆಳೆ, ಕೀಟ ಮತ್ತು ಅಳತೆಗಳು ಆ ಪರೀಕ್ಷೆಗಳ ಸಾರಾಂಶವೆಂದೇ ಹೇಳಬಹುದು. ಆದರೆ ಇಂಥ ಪರೀಕ್ಷೆಗಳಿಗೆ ಬಹಳ ಹಣ ತಗಲುತ್ತದೆ. ಭತ್ತ, ಹತ್ತಿಗಳಂತೆ ಲಕ್ಷಾಂತರ ಎಕರೆಯಲ್ಲಿ ಬೆಳೆಯುವ ಬೆಳೆಗಾದರೆ ತಯಾರಕರು ಆ ವೆಚ್ಚವನ್ನು ಸಂತೋಷದಿಂದ ಹೊರುತ್ತಾರೆ. ಕನಕಾಂಬರಕ್ಕಾಗಿ ಯಾರು ಹೊರುವರು? ಆದ್ದರಿಂದಲೇ ಹೂವಿನ ಬೆಳೆಗಳ ಹೆಸರನ್ನು ಹೊತ್ತ ಚೀಟಿಗಳು ವಿರಳ. ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಲ್ಪ ವಿಸ್ತೀರ್ಣದ ಬೆಳೆಗಳಿಗೆ ಬೇಕಾದ ಪರೀಕ್ಷೆಗಳನ್ನು ಸಾರ್ವಜನಿಕ ಹಣದಿಂದ ನಡೆಸುವುದಕ್ಕಾಗಿ ೧೯೬೩ರಲ್ಲಿ ‘ಐ.ಆರ್.-೪’ ಎಂಬ ಯೋಜನೆಯನ್ನು ಪ್ರಾರಂಭಿಸಿದರು. ೧೯೭೭ರಲ್ಲಿ ಹೂವಿನ ಮತ್ತು ಅಲಂಕಾರದ ಗಿಡಗಳನ್ನೂ ಅದಕ್ಕೆ ಸೇರಿಸಿದರು. ಯಾವ ಗಿಡಕ್ಕೆ ಯಾವ ಔಷಧಿ ಒಗ್ಗುವುದೆಂಬುದನ್ನು ಅಲ್ಲಿ ಒಂದೊಂದು ಜಾತಿಯ ಗಿಡದ ಮೇಲೂ ಬೇರೆ ಬೇರೆಯಾಗಿ ನೋಡುತ್ತಾರೆ.

ನಮ್ಮ ಬೇಸಾಯಗಾರರು ತಮ್ಮ ತೋಟದಲ್ಲಿ ಮಾಡತಕ್ಕ ಪರೀಕ್ಷೆಯು, ತಮ್ಮ ಬೆಳೆಯ ಹೆಸರು ಚೀಟಿಯಲ್ಲಿರುವ ಔಷಧಿಗಳೊಳಗೆ ತಮ್ಮ ತಳಿಗೂ ಹವೆಗೂ ಒಗ್ಗುವುದು ಯಾವುದೆಂದು ಆರಿಸಿಕೊಳ್ಳುವುದಕ್ಕೆ ಮಾತ್ರ. ಬೆಳೆಯ ಹೆಸರೇ ಇಲ್ಲದ ಔಷಧಿಯನ್ನು ಮೊದಲು ಪರೀಕ್ಷಿಸುವ ಕೆಲಸ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಮುಂತಾದವರದು. ಒಂದು ಗ್ರಾಮದಲ್ಲಿ ಯಾವುದಾದರೊಂದು ಹೂವಿಗೆ ಹೊಸ ಪಿಡುಗು ಬಂದು, ಅದಕ್ಕೆ ಚೀಟಿಯುಳ್ಳ ಔಷಧಿ ದೊರೆಯದಿದ್ದರೆ, ಮುಖಂಡರು ಬಾಧೆಗೊಳಗಾದ ರೆಂಬೆಗಳ ಸಹಿತ ಇಲಾಖೆಗೆ ಬರೆದು ತಿಳಿಸುವುದು ಒಳ್ಳೆಯದು. ಇನ್ನೊಂದು ಮಾತು: ‘ಬೆಳವಣಿಗೆಯ ಟಾನಿಕ್ಕು’ ಎಂಬ ಹೆಸರಿನಲ್ಲಿ ಮಾರಿ, ಹುಳುವನ್ನೂ ಕೊಲ್ಲುವುದೆಂದು ಬಾಯಿಮಾತಿನಲ್ಲಿ ಹೇಳುವ ಸೀಸೆಗಳನ್ನು ದೂರವಿಡಬೇಕು. ಹುಳುವನ್ನು ಕೊಲ್ಲುವುದು ನಿಜವಾದರೆ ಅದು ನೋಂದಣಿಯಾಗಬೇಕಾದ ವಿಷ. ನೋಂದಣಿಯಿಲ್ಲದಿದ್ದರೆ ಒಳಗಿರುವುದು ಏನೆಂದು ಹೇಳುವವರಾರು?

ಪರೀಕ್ಷೆಯ ಸ್ಥಳಕ್ಕೆ ಎರಡು ಗುಂಟೆ ಸಾಕು. ಸೇವಂತಿಗೆಯ ತೋಟವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೂರು ಮೀಟರು ಉದ್ದ, ಮೂರು ಮೀಟರು ಅಗಲದ ಹನ್ನೆರಡು ಮಡಿಗಳನ್ನು ಗುರುತಿಸಿ, ಮಡಿಗೂ ಮಡಿಗೂ ನಡುವೆ ಒಂದು ಮೀಟರು ಅಂತರವನ್ನು ಬಿಡಬೇಕು. ನಾಲ್ಕು ಮಡಿಗಳಿಗೆ ಚೀಟಿಯಲ್ಲಿ ಹೇಳಿದ ಅಳತೆಯ ಔಷಧಿ. ನಾಲ್ಕಕ್ಕೆ ಅದರ ಎರಡರಷ್ಟು. ಉಳಿದ ನಾಲ್ಕಕ್ಕೆ ಬರಿಯ ನೀರು. ಎರಡರಷ್ಟು ಅಳತೆ ಏಕೆಂದು ಕೆಲವರು ಕೇಳಬಹುದು. ಅದು ಹುಳುವಿಗಾಗಿ ಅಲ್ಲ, ಗಿಡಕ್ಕಾಗಿ. ಸಾಲಿನ ಕೊನೆಯಲ್ಲಿ ತಿರುಗುವಾಗ ಆಳು ಒಂದೇ ಗಿಡಕ್ಕೆ ಎರಡು ಸಲ ಹೊಡೆಯುವುದುಂಟು. ಮುಚ್ಚಳದಲ್ಲಿ ಅಳೆಯುವಾಗ ಕೈ ತಪ್ಪುವುದೂ ಉಂಟು. ಆಗ ಹೂ ಸುಡುವುದೋ ಇಲ್ಲವೋ ಎಂಬುದು ಮೊದಲೇ ತಿಳಿದಿರಬೇಕು. ನೋಂದಣಿಗಾಗಿ ನಡೆಸುವ ಪರೀಕ್ಷೆಗಳಲ್ಲಿಯೂ ಗಿಡದ ಸಹನೆಯನ್ನು ಹೀಗೆಯೇ ನೋಡುತ್ತಾರೆ. ಇಡೀ ತೋಟಕ್ಕೆ ಹೊಡೆಯುವಾಗಲಾದರೋ ಚೀಟಿಯ ಅಳತೆಯನ್ನು ಎಂದಿಗೂ ಮೀರಕೂಡದು.

ಬರಿಯ ನೀರಿನ ಮಡಿಗಳ ವಿಷಯದಲ್ಲಿ ನಮ್ಮ ರೈತರಿಗೆ ಬಹಳ ಬೇಸರ. ಒಳ್ಳೆಯ ಹೂವನ್ನು ಹುಳುವಿಗೆ ಬಿಟ್ಟುಕೊಡುವುದೇ ಎಂದು ಕೇಳುತ್ತಾರೆ. ಆದರೆ ಆ ಮಡಿಗಳಿಲ್ಲದ ಪರೀಕ್ಷೆಯು ಪರೀಕ್ಷೆಯೇ ಅಲ್ಲ. ಲೆಕ್ಕದಿಂದ ಇದನ್ನು ತೋರಿಸಬಹುದು. ಔಷಧಿ ಹೊಡೆಯುವ ಹಿಂದಿನ ದಿನ ಔಷಧಿಯ ಮಡಿಗಳಲ್ಲಿ ೪೦ ನುಸಿಗಳೂ ಬರಿನೀರಿನ ಮಡಿಗಳಲ್ಲಿ ೫೦ ನುಸಿಗಳೂ ಎಣಿಕೆಗೆ ಸಿಕ್ಕಿದವೆಂದು ಇಟ್ಟುಕೊಳ್ಳಿ. ಮಧ್ಯೆ ಒಂದು ಹದವಾದ ಮಳೆ ಬಂದಿತು. ಏಳನೆಯ ದಿನ ಎಣಿಸಲಾಗಿ ಔಷಧಿಯ ಮಡಿಗಳಲ್ಲಿ ೮, ಬರಿನೀರಿನ ಮಡಿಗಳಲ್ಲಿ ೨೫ ಉಳಿದಿವೆ. ಬರಿನೀರಿನ ಮಡಿಗಳನ್ನು ಇಡದಿದ್ದವನು ನಲವತ್ತು ಎಂಟಕ್ಕೆ ಇಳಿಯಿತು, ಔಷಧಿಯು ನೂರಕ್ಕೆ ಎಂಬತ್ತನ್ನು ಕೊಂದಿತು ಎನ್ನುವನು. ಆದರೆ ಔಷಧಿಯಿಲ್ಲದ ಕಡೆಯಲ್ಲಿಯೂ ಅರ್ಧದಷ್ಟು ನುಸಿಗಳು ಮಳೆಗೆ ಕೊಚ್ಚಿಹೋಗಿವೆಯಲ್ಲವೆ? ಔಷಧಿಯ ಮಡಿಯಲ್ಲಿ ಉಳಿದದ್ದು ಐದರಲ್ಲಿ ಒಂದು ಪಾಲು. ನೀರಿನ ಮಡಿಯಲ್ಲಿ ಉಳಿದದ್ದು ಎರಡರಲ್ಲಿ ಒಂದು ಪಾಲು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಐದರಲ್ಲಿ ಎರಡು, ಎಂದರೆ ನೂರಕ್ಕೆ ೪೦ ಬರುತ್ತದೆ. ಔಷಧಿಯ ನಿಜವಾದ ಗುಣ ನೂರಕ್ಕೆ ೬೦ ಮಾತ್ರ. ಮಿಕ್ಕ ಕೀರ್ತಿಯು ವರುಣನಿಗೆ ಸಲ್ಲತಕ್ಕದ್ದು. ಹಣವನ್ನು ಮಾತ್ರ ಅಂಗಡಿಯವನು ತೆಗೆದುಕೊಳ್ಳುತ್ತಾನೆ. ತಾನಾಗಿ ಸತ್ತ ಕೀಟಗಳನ್ನು ಲೆಕ್ಕದಿಂದ ಕಳೆಯುವ ಸೂತ್ರವನ್ನು ೧೯೨೫ರಲ್ಲಿ ಅಮೆರಿಕದ ಆಬಟ್ ಎಂಬವನು ಹೇಳಿದನು. ಮೇಲೆ ತೋರಿಸಿದಂತೆ ಮುಂಚಿನ ಮತ್ತು ಅನಂತರದ ಎಣಿಕೆಗಳೆರಡನ್ನೂ ಸೇರಿಸಿಕೊಳ್ಳುವ ಸೂತ್ರವು ೧೯೫೫ರಲ್ಲಿ ಹೆಂಡರ್ಸನ್, ಟಿಲ್ಟನ್ ಎಂಬಿಬ್ಬರಿಂದ ಬಂದಿತು.

ಬರಿಯ ನೀರನ್ನಾದರೂ ಏಕೆ ಹೊಡೆಯಬೇಕೆಂದರೆ, ನೀರಿನ ರಭಸಕ್ಕೇ ಕೆಲವು ನುಸಿಗಳು ಉದುರುತ್ತವೆ. ಔಷಧಿಗೆ ಅಂಟುದ್ರಾವಣವನ್ನು ಸೇರಿಸಿದ್ದರೆ ನೀರಿಗೂ ಅಷ್ಟೇ ಸೇರಿಸಬೇಕು. ಹಾಗಾದರೆ ಮಾತ್ರ ಉಳಿದ ವ್ಯತ್ಯಾಸವೆಲ್ಲ ಔಷಧಿಯದೇ ಆಗುತ್ತದೆ.

ಯಾವ ಮಡಿಗೆ ಏನೆಂಬುದನ್ನು ಮನಸ್ಸಿಗೆ ಬಂದಂತೆ ನಿರ್ಧರಿಸಬಾರದು. ಬೇಲಿಯ ಪಕ್ಕದಲ್ಲಿ ಹುಳು ಹೆಚ್ಚು. ಕಾಲುವೆಯ ಪಕ್ಕದಲ್ಲಿ ಗಿಡ ಸೊಂಪು. ಇಷ್ಟವಾದ ಔಷಧಿಗೆ ಒಳ್ಳೆಯ ಮಡಿಯನ್ನು ಕೊಡುವ ಆಸೆ ಯಾರನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕ್ಷೇತ್ರದಲ್ಲಿ ೧೯೧೯ರಿಂದ ಕೆಲಸ ಮಾಡಿದ ಫಿಷರ್ ಎಂಬ ಗಣಿತಜ್ಞನು ಇದನ್ನು ಅದೃಷ್ಟಕ್ಕೆ ಬಿಡಬೇಕೆಂದು ವಿಧಿಸಿದನು. ನಮಗೆ ಇದು ಹೊಸದಲ್ಲ; ಊರಿನ ಪಾಲುಗಳನ್ನು ಚೀಟಿ ಎತ್ತಿಸಿ ಹಂಚುವುದು ಹಿಂದಿನಿಂದ ಬಂದ ರೂಢಿಯೇ. ಮೂರು ಮೂರು ಮಡಿಗಳ ನಾಲ್ಕು ಗುಂಪುಗಳನ್ನು ಮಾಡಿ, ಒಂದೊಂದು ಗುಂಪಿನಲ್ಲಿಯೂ ಒಂದು ಮಗುವಿನ ಕೈಯಿಂದ ಚೀಟಿ ಎತ್ತಿಸಿದರೆ ಸಾಕು. ಪ್ರತಿಯೊಂದು ಮಡಿಗೂ ಗೂಟ ನೆಟ್ಟು ಅಂಕಿಯನ್ನು ಬರೆದಿಡಬೇಕು. ಗೂಟದ ಮೇಲೆ ಔಷಧಿಯ ಹೆಸರನ್ನು ಬರೆಯದಿರುವುದು ಉತ್ತಮ. ಎಣಿಸುವವನ ಕಣ್ಣು ಹೆಸರನ್ನು ಕಂಡರೆ ಅದರ ಕಡೆಗೆ ವಾಲುತ್ತದೆ.

ಅಳತೆಯಲ್ಲಿ ಬಹಳ ಎಚ್ಚರವಿರಬೇಕು. ಇಂಥ ಒಂದು ಮಡಿಗೆ ಅರ್ಧ ಲೀಟರು ದ್ರಾವಣ ಹಿಡಿಸುತ್ತದೆ. ನಾಲ್ಕು ಮಡಿಗಳಿಗೆ ಎರಡು ಲೀಟರು. ಲೀಟರಿಗೆ ಒಂದು ಮಿಲಿಲೀಟರು ಎಂದು ಚೀಟಿಯಲ್ಲಿದ್ದರೆ ಬೇಕಾದದ್ದು ಎರಡೇ ಮಿಲಿಲೀಟರು. ಇದನ್ನು ಮುಚ್ಚಳದಲ್ಲಿ ಅಳೆಯಲಾಗದು. ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು, ಆ ಸಿರಿಂಜನ್ನು ಮತ್ತಾವುದಕ್ಕೂ ಉಪಯೋಗಿಸದೆ ನಾಶಮಾಡಬೇಕು. ಕಳೆನಾಶಕವನ್ನು ಹೊಡೆದ ಪಂಪನ್ನು ಹೂವಿನ ತೋಟಕ್ಕೆ ತರಲೇಬಾರದು. ೨,೪-ಡಿ ಎಂಬ ಕಳೆನಾಶಕದ ಲೇಶವು ಉಳಿದಿದ್ದರೂ ಗುಲಾಬಿಯ ಚಿಗುರು ಮುರುಟುತ್ತದೆ. ಆ ತಪ್ಪು ನಿರಪರಾಧಿಯಾದ ಔಷಧಿಯ ತಲೆಗೆ ಬರುತ್ತದೆ. ಮೊದಲು ನೀರಿನ ಮಡಿಗಳು, ಆಮೇಲೆ ಚೀಟಿಯ ಅಳತೆ, ಕೊನೆಗೆ ಎರಡರಷ್ಟು. ಈ ಅನುಕ್ರಮದಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಬಿಸಿಲು ಇಳಿದ ಮೇಲೆ ಹೊಡೆಯಬೇಕು. ಮುಂಜಾನೆಯ ಜೇನುಹುಳುಗಳಿಗೂ ಇದರಿಂದ ಅಪಾಯ ಕಡಮೆ.

ಎಣಿಕೆಯನ್ನು ಹಿಂದಿನ ದಿನ ಒಮ್ಮೆ, ಅನಂತರ ೩, ೭ ಮತ್ತು ೧೪ನೆಯ ದಿನಗಳಲ್ಲಿ ಮಾಡಬೇಕು. ಮಡಿಯ ಅಂಚನ್ನು ಬಿಟ್ಟು ನಡುವಿನ ಐದು ಗಿಡಗಳನ್ನು ಗುರುತಿಟ್ಟುಕೊಂಡು, ಒಂದೊಂದರಲ್ಲಿಯೂ ಎರಡು ಹೂಗಳನ್ನು ಬಿಳಿಯ ಕಾಗದದ ಮೇಲೆ ತಟ್ಟಿದರೆ ಥ್ರಿಪ್ಸ್ ನುಸಿಗಳು ಉದುರಿ ಹರಿದಾಡುತ್ತವೆ. ಗುಲಾಬಿಯ ಕೆಂಪುನುಸಿಯಾದರೆ ಎಲೆಯ ಅಡಿಭಾಗವನ್ನು ಹತ್ತರಷ್ಟು ದೊಡ್ಡದಾಗಿ ತೋರುವ ಮಸೂರದಿಂದ ನೋಡಬೇಕು. ಹದಿನಾಲ್ಕನೆಯ ದಿನದ ಎಣಿಕೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದೇ ಮುಖ್ಯವಾದದ್ದು. ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಹುಳುಗಳನ್ನು ಮೂರೇ ದಿನದಲ್ಲಿ ನೆಲಕ್ಕೆ ಕೆಡಹುತ್ತವೆ. ಆದರೆ ಕೆಂಪುನುಸಿಯನ್ನು ತಿಂದು ಬಾಳುವ ಒಳ್ಳೆಯ ನುಸಿಗಳನ್ನೂ ಕೊಲ್ಲುತ್ತವೆ. ಎರಡು ವಾರದ ಮೇಲೆ ಕೆಂಪುನುಸಿಯು ಮೊದಲಿಗಿಂತ ಹೆಚ್ಚಾಗಿ ಎಲೆಗಳಿಗೆ ಬಲೆ ಹೆಣೆಯುತ್ತದೆ. ಮೂರನೆಯ ದಿನದ ಜಯವನ್ನು ನೋಡಿ ಸೀಸೆಗಳನ್ನು ಕೊಂಡವನು ಹದಿನೈದನೆಯ ದಿನ ಬೇರೊಂದು ಸೀಸೆಗಾಗಿ ಅಂಗಡಿಗೆ ಹೋಗಬೇಕಾಗುತ್ತದೆ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆದರೆ ಈ ನುಸಿಯು ಬಹು ಬೇಗ ಅದಕ್ಕೆ ಜಗ್ಗದಂತಾಗುವುದೆಂಬುದೂ ತಿಳಿದ ವಿಷಯ. ಆದಕಾರಣ ಬೇರೆ ಬೇರೆ ಜಾತಿಯ ಎರಡು ಮೂರು ಔಷಧಿಗಳನ್ನು ಪರೀಕ್ಷಿಸಿ ಇಟ್ಟುಕೊಂಡು ಸರದಿಯಂತೆ ಉಪಯೋಗಿಸತಕ್ಕದ್ದು.

ಗಿಡಕ್ಕೆ ಆದ ಅಪಾಯವನ್ನು ೧, ೩, ೫, ೭, ೧೦ ಮತ್ತು ೧೪ನೆಯ ದಿನಗಳಲ್ಲಿ ನೋಡಿ ಬರೆಯುವುದು ವಾಡಿಕೆ. ಎಲೆಯ ತುದಿ ಸುಡುವುದು, ನರಗಳು ಬಿಳಿಚುವುದು, ಬಾಡುವುದು, ಎಲೆ ಕೆಳಕ್ಕೆ ಅಥವಾ ಮೇಲಕ್ಕೆ ಮುರುಟುವುದು, ಅಲ್ಲಲ್ಲಿ ಸತ್ತ ಕಲೆಗಳಾಗುವುದು ಇವೇ ಲಕ್ಷಣಗಳು. ಏನೂ ಇಲ್ಲದಿದ್ದರೆ ಸೊನ್ನೆ. ನೂರಕ್ಕೆ ಹತ್ತರವರೆಗೆ ಕೆಟ್ಟಿದ್ದರೆ ಒಂದು. ಹೀಗೆ ಪೂರ್ತಿ ಕೆಟ್ಟದ್ದಕ್ಕೆ ಹತ್ತರವರೆಗೆ ಅಂಕಿ ಕೊಡುತ್ತಾರೆ. ರಾಗಿ, ಮೆಣಸುಗಳಿಗೆ ಒಂದು ಎಂಬ ಅಂಕಿ ಕ್ಷಮ್ಯ. ಹೂವಿನ ಎಸಳಿಗೆ ಸೊನ್ನೆಯನ್ನುಳಿದು ಯಾವ ಅಂಕಿಯೂ ಕ್ಷಮ್ಯವಲ್ಲ. ಮೊಗ್ಗು, ಅರೆಬಿರಿದ ಹೂ, ಪೂರಾ ಅರಳಿದ ಹೂ ಇವನ್ನು ಬೇರೆ ಬೇರೆಯಾಗಿ ನೋಡಬೇಕು. ಮೊಗ್ಗಿಗೆ ಒಗ್ಗಿದ್ದು ಎಸಳಿಗೆ ಒಗ್ಗದಿರಬಹುದು. ತಳಿಯಿಂದ ತಳಿಗೂ ಭೇದವುಂಟು. ಪನ್ನೀರುಗುಲಾಬಿಯಲ್ಲಿ ಕಂಡ ಫಲವನ್ನು ಪಾಲಿಮನೆಯ ‘ತಾಜ್‌ಮಹಲ್’ ಗುಲಾಬಿಗೆ ಹೊಂದಿಸಿಕೊಳ್ಳಲಾಗದು.

ಸುಡದಿದ್ದರೂ ಕಲೆ ಬಿಡುವ ಔಷಧಿಗಳುಂಟು. ನೀರಿನಲ್ಲಿ ಕದಡುವ ಪುಡಿಗಳು ಒಣಗಿದ ಮೇಲೆ ಎಸಳಿನ ಮೇಲೆ ಬಿಳಿಯ ಹುಡಿಯಾಗಿ ನಿಲ್ಲುತ್ತವೆ. ಬೋರ್ಡೋ ದ್ರಾವಣವು ನೀಲಿ ಮಚ್ಚೆ ಬಿಡುತ್ತದೆ. ಇವು ಮೊಗ್ಗು ಮೂಡುವುದಕ್ಕೆ ಮುಂಚೆ ಉಪಯೋಗಕ್ಕೆ ಬಂದಾವು. ಎಣ್ಣೆಯ ರೂಪದ ಔಷಧಿಗಳು ಕಲೆ ಬಿಡುವುದಿಲ್ಲ, ಆದರೆ ಅವುಗಳಲ್ಲಿರುವ ದ್ರಾವಕವು ಮೃದುವಾದ ಎಸಳನ್ನು ಸುಡುವ ಸಂಭವ ಹೆಚ್ಚು. ಬೂದಿರೋಗಕ್ಕೆ ಹೊಡೆಯುವ ಗಂಧಕವನ್ನು ಬೇಸಗೆಯ ಬಿಸಿಲಿನಲ್ಲಿ ಪ್ರಯೋಗಿಸಿದರೂ, ಬೇವಿನ ಎಣ್ಣೆಯೇ ಮೊದಲಾದವುಗಳನ್ನು ಹೊಡೆದ ಹೊಸತರಲ್ಲಿ ಪ್ರಯೋಗಿಸಿದರೂ ಗಿಡ ಸುಡುತ್ತದೆ. ಎರಡು ಔಷಧಿಗಳನ್ನು ಬೆರೆಸಿ ಕೂಲಿಯನ್ನು ಉಳಿಸುವ ಯೋಚನೆಯುಳ್ಳವರು ಆ ಬೆರಕೆಯನ್ನೇ ಒಂದು ಹೊಸ ಔಷಧಿಯೆಂದು ಭಾವಿಸಿ ಬೇರೆಯಾಗಿ ಪರೀಕ್ಷಿಸಬೇಕು.

ಮಲ್ಲಿಗೆಯಲ್ಲಿ ಸ್ವಲ್ಪ ಬೇರೆ ಕ್ರಮ ಬೇಕು. ಮೊಗ್ಗು ಕೊರೆಯುವ ಹುಳು ಮೊಗ್ಗಿನ ಒಳಗೇ ಇರುವುದರಿಂದ ಹುಳುವನ್ನು ಎಣಿಸುವುದು ಕಷ್ಟ. ಒಂದೊಂದು ಮಡಿಯಿಂದಲೂ ನೂರು ಮೊಗ್ಗುಗಳನ್ನು ಕಿತ್ತು, ತೂತುಬಿದ್ದವೆಷ್ಟು, ಚೊಕ್ಕವಾದವೆಷ್ಟು ಎಂದು ಬೇರ್ಪಡಿಸಿದರೆ ಸಾಕು. ಎಲ್ಲ ಹೂಗಳಲ್ಲಿಯೂ ಕೊನೆಗೆ ಮಾರುವ ಹೂವಿನ ತೂಕವನ್ನು ಕೊಯ್ಲಿನಿಂದ ಕೊಯ್ಲಿಗೆ, ದರ್ಜೆಯ ಪ್ರಕಾರ ಬರೆದಿಡಬೇಕು. ಸತ್ತ ಹುಳುವನ್ನು ಯಾವ ಮಂಡಿಯಲ್ಲಿಯೂ ಕೊಳ್ಳುವುದಿಲ್ಲ.

ಮಲ್ಲಿಗೆಯನ್ನು ದಿನವೂ ಕೊಯ್ಯುವುದರಿಂದ ಇನ್ನೊಂದು ವಿಚಾರ ಏಳುತ್ತದೆ. ತಿನ್ನುವ ಬೆಳೆಗಳಿಗೆ ಔಷಧಿಯ ಶೇಷ ಇಷ್ಟಕ್ಕಿಂತ ಹೆಚ್ಚಿರಕೂಡದೆಂಬ ಮಿತಿಯುಂಟು. ಹೂವನ್ನು ತಿನ್ನುವುದಿಲ್ಲವೆಂದು ಜನರು ಆ ಯೋಚನೆಯನ್ನೇ ಬಿಟ್ಟಿದ್ದಾರೆ. ಆದರೆ ಹೊತ್ತು ಮೂಡುವ ಮುಂಚೆ ಬರಿಗೈಯಲ್ಲಿ ಮೊಗ್ಗು ಬಿಡಿಸುವ ಹೆಂಗಸರು, ಜಗಲಿಯ ಮೇಲೆ ಕುಳಿತು ಮಾಲೆ ಕಟ್ಟುವವರು, ಅದನ್ನು ಮುಡಿಯುವವರು, ಗುಲಾಬಿಯ ದಳಗಳಿಂದ ಗುಲ್ಕಂದು ಮಾಡುವವರು, ಇವರ ಗತಿಯೇನು? ಬೆಲ್ಜಿಯಂ ದೇಶದಲ್ಲಿ ಹೂವಿನಂಗಡಿಗಳಿಂದ ತಂದ ಗುಲಾಬಿ, ಜರ್ಬೆರಾ, ಸೇವಂತಿಗೆಗಳ ೯೦ ಗುಚ್ಛಗಳನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟು ೧೦೭ ಬಗೆಯ ಔಷಧಿಗಳ ಶೇಷಗಳು ಕಂಡುಬಂದುವೆಂದಿದೆ; ಗುಚ್ಛ ಕಟ್ಟುವವರ ಕೈಗೆ ಅವು ಹತ್ತುವುದೇ ಆ ವಿಚಾರಣೆಯ ಮುಖ್ಯ ವಿಷಯವಾಗಿತ್ತು. ಆದ್ದರಿಂದ ಎರಡು ಔಷಧಿಗಳು ಹುಳುವನ್ನು ಸಮಾನವಾಗಿ ಕೊಂದು ಹೂವನ್ನು ಸಮಾನವಾಗಿ ಉಳಿಸಿದರೆ, ವಿಷ ಕಡಮೆಯಾದದ್ದನ್ನೇ ಆರಿಸಬೇಕು. ಓದುಬರಹ ಬಾರದವರಿಗೂ ಇದು ತಿಳಿಯುವಂತೆ ಸೀಸೆಯ ಚೀಟಿಯಲ್ಲಿ ಬಣ್ಣದ ತ್ರಿಕೋಣವಿರುತ್ತದೆ: ಕೆಂಪು ಅತ್ಯಂತ ಘೋರ, ಹಳದಿ ಅದಕ್ಕಿಂತ ಕಡಮೆ, ನೀಲಿ ಮಧ್ಯಮ, ಹಸುರು ಅಲ್ಪ. ಹಸುರು ಎಂದರೆ ವಿಷವೇ ಅಲ್ಲವೆಂದು ತಿಳಿಯಬಾರದು. ದಿನವೂ ಕೊಯ್ಯುವ ಹೂವಿನ ತೋಟಕ್ಕೆ ಕೆಂಪು ತ್ರಿಕೋಣದ ಸೀಸೆಯನ್ನು ತರಿಸದಂತೆ ಗ್ರಾಮದ ಮುಖಂಡರು ಕಟ್ಟುಮಾಡಿದರೆ ನಾನಂತೂ ಸಂತೋಷಪಡುವೆನು. ಔಷಧಿಯನ್ನು ಆ ದಿನದ ಕೊಯ್ಲು ಮುಗಿದ ಮೇಲೆಯೇ ಹೊಡೆಯಬೇಕು. ಮತ್ತೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂಬುದನ್ನು ಚೀಟಿಯಲ್ಲಿ ಹೇಳಿದ್ದರೆ ಅದನ್ನು ಕೂಲಿಯ ಹೆಂಗಸರಿಗೂ ತಿಳಿಸಿ ನಡೆಸತಕ್ಕದ್ದು.

ಪರೀಕ್ಷೆಯ ಪುಸ್ತಕದಲ್ಲಿ ಔಷಧಿಯ ಹೆಸರು, ತಯಾರಾದ ತಂಡದ ಅಂಕಿ, ಅವಧಿ ಮುಗಿಯುವ ತಾರೀಖು, ಹೊಡೆದ ದಿನ ಮತ್ತು ಹೊತ್ತು, ಮಳೆ ಬಂದಿದ್ದರೆ ಅದು, ಪ್ರತಿ ಮಡಿಯ ಎಣಿಕೆ ಇವನ್ನು ಆಗಿಂದಾಗಲೇ ಬರೆಯಬೇಕು. ಅಂಗಡಿಯ ರಸೀದಿಯನ್ನು ಅದರಲ್ಲಿಯೇ ಅಂಟಿಸಿಡಬೇಕು. ಔಷಧಿ ಕಳಪೆಯೆಂದು ತೋರಿದರೆ ಮಾದರಿಯನ್ನು ತೆಗೆಯಿಸಲು ಅದು ಬೇಕಾಗುತ್ತದೆ. ಒಂದು ಹಂಗಾಮಿನ ಫಲದಿಂದ ತೃಪ್ತರಾಗದೆ ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ನೋಡುವುದು ಮೇಲು. ಎರಡರಷ್ಟು ಅಳತೆಯನ್ನು ಹೊಡೆದ ಮಡಿಗಳ ಹೂವನ್ನು ಮಾರಲೂ ಬಾರದು, ಮುಡಿಯಲೂ ಬಾರದು, ದನಗಳಿಗೆ ಹಾಕಲೂ ಬಾರದು. ಬಾವಿಗೂ ಕೆರೆಗೂ ದೂರವಾದ ಸ್ಥಳದಲ್ಲಿ ಗುಂಡಿ ತೋಡಿ ಹೂಳಬೇಕು. ಪಂಪನ್ನು ತೊಳೆದ ನೀರನ್ನು ಕಾಲುವೆಗೆ ಬಿಡದೆ ಅದೇ ಗುಂಡಿಗೆ ಸುರಿಯಬೇಕು. ಬರಿದಾದ ಸೀಸೆಯನ್ನು ಮೂರು ಸಲ ತೊಳೆದು, ಆ ನೀರನ್ನು ಹೊಡೆಯುವ ದ್ರಾವಣಕ್ಕೇ ಸೇರಿಸಿ, ಸೀಸೆಗೆ ತೂತುಮಾಡಿ, ಮನೆಯ ಯಾವ ಕೆಲಸಕ್ಕೂ ಬಾರದಂತೆ ಮಾಡತಕ್ಕದ್ದು.